ಉತ್ತರ ಬಂದಿತ್ತು, ಓದಿದವರಿರಲಿಲ್ಲ

ವಿಜಯವಾಡದ ಇಂದ್ರಕೀಲಾದ್ರಿಯ ಮೇಲೆ ನಿಂತರೆ ಕೃಷ್ಣೆ ಕಾಲಬುಡದಲ್ಲೇ ಹರಿಯುತ್ತಾಳೆ. ಅವಳಿಗೆ ಅಡ್ಡಲಾಗಿ 1957ರಲ್ಲಿ ಪೂರ್ಣಗೊಂಡ ಪ್ರಕಾಶಂ ಬ್ಯಾರೇಜು ಕಾಣುತ್ತದೆ. ಅದರ 70 ಗೇಟುಗಳಲ್ಲಿ ಎಷ್ಟನ್ನು, ಯಾವಾಗ, ಎಷ್ಟೆತ್ತರಕ್ಕೆ ಎತ್ತಬೇಕೆಂಬುದು ಅಲ್ಲಿ ಕಣ್ಣಿಗೆ ಬೀಳುವ ನೀರಿನಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಮೇಲಿನ ಪುಲಿಚಿಂತಲ, ನಾಗಾರ್ಜುನಸಾಗರ, ಶ್ರೀಶೈಲ, ಜುರಾಲ, ಅವಕ್ಕೂ ಮೇಲೆ ನಮ್ಮ ನಾರಾಯಣಪುರ ಮತ್ತು ಆಲಮಟ್ಟಿ, ಇಷ್ಟು ಕಡೆಗಳ ವರ್ತಮಾನ ನೀರಿಗಿಂತ ಮುಂಚೆ ಬಂದು ಸೇರಿದ್ದರೆ ಮಾತ್ರ ಕೆಳಗಿನವರು ಸಿದ್ಧರಾಗಬಲ್ಲರು. ಆ ವರ್ತಮಾನ ಒಂದು ಕಾಲಕ್ಕೆ ತಂತಿಯಾಗಿತ್ತು, ಆಮೇಲೆ ವೈರ್‌ಲೆಸ್ಸು, ದೂರವಾಣಿ. ಇಂದು ಮಳೆ, ಪಿಂಚಣಿ, ತೆರಿಗೆ, ಅಂಕಪಟ್ಟಿ ಯಾವುದೇ ಇರಲಿ, ಸರಕಾರದ ವರ್ತಮಾನದ ದೊಡ್ಡ ಪಾಲು ಕಡತವಾಗಿ ಚಲಿಸುತ್ತದೆ. ಯಾವುದೋ ಯಂತ್ರ ರಾತ್ರಿ ಹೊತ್ತಿನಲ್ಲಿ ಇನ್ನಾವುದೋ ಯಂತ್ರಕ್ಕೆ ಅದನ್ನು ಒಪ್ಪಿಸಿ ಬರುತ್ತದೆ. ಒಪ್ಪಿಸಲು ಹೋಗುವುದು ಸ್ಕ್ರಿಪ್ಟು, ಎಂದರೆ ಮನುಷ್ಯರ ನೆರವಿಲ್ಲದೆ ನಿಗದಿತ ಹೊತ್ತಿಗೆ ಎದ್ದು ಆಜ್ಞೆಗಳನ್ನು ಒಂದರ ಹಿಂದೊಂದು ನಡೆಸುವ ಪುಟ್ಟ ಬರಹ.

ಸಾಹಿತ್ಯದ ಬಳಗದಲ್ಲಿ ಇದೇನು ವಿಷಯವೆಂದು ಕೇಳುವವರಿದ್ದಾರು. ಮಾತು ಮತ್ತು ಮರುಮಾತಿನ ವಿಷಯವಾದ್ದರಿಂದ ಇದು ನಮ್ಮದೂ ಹೌದು ಎಂಬುದು ನಮ್ಮ ಉತ್ತರ. ನಮ್ಮ ಕಚೇರಿಗಳಲ್ಲಿ ಓಡುತ್ತಿರುವ ಇಂಥ ಸ್ಕ್ರಿಪ್ಟುಗಳಲ್ಲಿ ಬಹಳಷ್ಟು ಹೇಳಲು ಮಾತ್ರ ಕಲಿತಿವೆ, ಕೇಳಲು ಕಲಿತಿಲ್ಲ. ಕೇಳದೆಯೇ 'ಯಶಸ್ವಿ' ಎಂದು ಬರೆದುಕೊಳ್ಳುವ ಅಧಿಕಾರವನ್ನು ಅವಕ್ಕೆ ಕೊಟ್ಟವರು ನಾವು. ಆ ಅಧಿಕಾರವನ್ನು ಹಿಂದಕ್ಕೆ ಪಡೆಯಬೇಕು.

ನಮಗೆ ಹತ್ತಿರದಿಂದ ತಿಳಿದ ಪ್ರಸಂಗವೊಂದನ್ನು ಹೆಸರುಗಳಿಲ್ಲದೆ ಹೇಳಬಹುದು. ಒಂದು ಕಚೇರಿಯಿಂದ ಪ್ರತಿರಾತ್ರಿ ಪಿಂಚಣಿ ಬದಲಾವಣೆಗಳ ಕಡತ ಮತ್ತೊಂದು ಸಂಸ್ಥೆಯ ಸರ್ವರಿಗೆ ಹೋಗುತ್ತಿತ್ತು. ಪಿಂಚಣಿದಾರ ತೀರಿಕೊಂಡ ಮೇಲೆ ಅವನ ಹೆಂಡತಿಗೆ ಕುಟುಂಬ ಪಿಂಚಣಿ ಆರಂಭವಾಗುವುದು ಆ ಕಡತದ ಒಂದು ಸಾಲಿನಿಂದ. ಒಂದು ದಿನ ಸರ್ವರಿನ ಗುಪ್ತಪದದ ಅವಧಿ ಮುಗಿಯಿತು. ಅಂದಿನಿಂದ ಸರ್ವರು ಪ್ರತಿರಾತ್ರಿಯೂ 530 ಎಂದು ಉತ್ತರ ಕೊಟ್ಟಿತು: ನೀನು ಒಳಗೆ ಬಂದಿಲ್ಲ. ಸ್ಕ್ರಿಪ್ಟು ಅದನ್ನು ಕೇಳದೆ, ಒಳಗಿರುವವನಂತೆಯೇ, ಕಡತ ತೆಗೆದುಕೋ ಎಂದಿತು. ಮತ್ತೆ 530. ಕೊನೆಗೆ ವಿದಾಯ ಹೇಳಿತು. ಸರ್ವರು ಸೌಜನ್ಯದಿಂದ 221 ಎಂದು ಬೀಳ್ಕೊಟ್ಟಿತು. ಸ್ಕ್ರಿಪ್ಟು ದಿನಚರಿಯಲ್ಲಿ 'ಕಡತ ಯಶಸ್ವಿಯಾಗಿ ರವಾನೆಯಾಗಿದೆ' ಎಂದು ಬರೆದು ಮಲಗಿತು. ಹೀಗೆ ಮೂರು ವಾರ ನಡೆಯಿತು. ಬಾಗಿಲಿನಿಂದ ಬಾಗಿಲಿಗೆ ಅಲೆದ ಹೆಂಗಸೊಬ್ಬರಿಗೆ ಒಂದು ಕಡೆ 'ನಿಮ್ಮ ಹೆಸರು ಅಲ್ಲಿಂದ ಬಂದಿಲ್ಲ' ಎಂದರು. ಇನ್ನೊಂದು ಕಡೆ 'ನಾವು ಕಳಿಸಿಯಾಗಿದೆ, ನೋಡಿ ಇಲ್ಲಿ ಬರೆದಿದೆ' ಎಂದರು. ಎರಡನೆಯವರ ಬಳಿ ದಾಖಲೆ ಇತ್ತು, ತಾರೀಖು ಇತ್ತು, ಸೆಕೆಂಡಿನವರೆಗಿನ ವೇಳೆ ಇತ್ತು. ಆ ಹೆಂಗಸಿನ ಬಳಿ ಇದ್ದದ್ದು ಖಾಲಿ ಪಾಸ್‌ಪುಸ್ತಕ ಮಾತ್ರ. ಕಚೇರಿಗಳ ಲೋಕವನ್ನು ಬಲ್ಲವರಿಗೆ ಇವೆರಡರಲ್ಲಿ ಯಾವುದನ್ನು ನಂಬಲಾಯಿತೆಂದು ಹೇಳಬೇಕಾಗಿಲ್ಲ. ಯಂತ್ರದ ಸುಳ್ಳಿಗೆ ಬರೆಹದ ಬಲವಿರುತ್ತದೆ. ಈ ಸಂಗತಿಯ ನಿಜವಾದ ಅಪಾಯ ಇಲ್ಲಿದೆ.

ಸರ್ವರು ಮೂರು ವಾರವೂ ನಿಜವನ್ನೇ ಹೇಳುತ್ತಿತ್ತು ಎಂಬುದು ಗಮನಿಸಬೇಕಾದ ಅಂಶ. ಅದು ಹೇಳಿದ ಭಾಷೆ ಹೊಸದೂ ಅಲ್ಲ, ಗೂಢವೂ ಅಲ್ಲ. ಕಡತ ವರ್ಗಾವಣೆಯ ಒಡಂಬಡಿಕೆಯನ್ನು, ಈಗ ಎಫ್‌ಟಿಪಿ ಎಂದು ಹೆಸರಾದದ್ದನ್ನು, 1971ರ ಏಪ್ರಿಲ್‌ನಲ್ಲಿ ಮೊದಲು ಬರೆದಿಟ್ಟವರು ಅಲಹಾಬಾದಿನಲ್ಲಿ ಹುಟ್ಟಿ, ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಓದಿ, ಎಂಐಟಿಗೆ ಹೋದ ಅಭಯ್ ಭೂಷಣ್. ಅಂತರಜಾಲದ ಅಡಿಪಾಯದ ದಾಖಲೆಗಳಲ್ಲಿ ಅದಕ್ಕೆ ಆರ್‌ಎಫ್‌ಸಿ 114 ಎಂದು ಹೆಸರು. ಉತ್ತರಗಳ ಅಂಕಿಗಳಿಗೆ ಇಂದಿನ ವ್ಯವಸ್ಥೆ ಬಂದದ್ದು 1974ರಲ್ಲಿ ಜಾನ್ ಪೋಸ್ಟೆಲ್ ಮಾಡಿದ ಪರಿಷ್ಕರಣದಿಂದ. ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ 1985ರ ಅಕ್ಟೋಬರಿನಲ್ಲಿ ಹೊರತಂದ ಆರ್‌ಎಫ್‌ಸಿ 959 ಇಂದಿಗೂ ಆಧಾರಗ್ರಂಥ. ಸರ್ವರಿನ ಪ್ರತಿ ಉತ್ತರಕ್ಕೂ ಅಲ್ಲಿ ಎರಡು ಭಾಗ: ಮೂರಂಕಿಯ ಒಂದು ಸಂಖ್ಯೆ, ಅದರ ಮುಂದೆ ಒಂದು ವಾಕ್ಯ. ಸಂಖ್ಯೆ ಯಂತ್ರಕ್ಕಾಗಿ, ವಾಕ್ಯ ಮನುಷ್ಯರಿಗಾಗಿ ಎಂದು ಆ ದಾಖಲೆ ಸ್ಪಷ್ಟವಾಗಿಯೇ ಹೇಳುತ್ತದೆ. ಮುಂದೇನು ಮಾಡಬೇಕೆಂದು ತಿಳಿಯಲು ಯಂತ್ರ ವಾಕ್ಯವನ್ನು ಅರ್ಥಮಾಡಿಕೊಳ್ಳಬೇಕಿಲ್ಲ, ಮೊದಲ ಅಂಕಿಯನ್ನು ನೋಡಿದರೆ ಸಾಕು.

ಆ ಮೊದಲ ಅಂಕಿಯಲ್ಲಿ ಐದು ಬಗೆ. ಒಂದು ಎಂದರೆ 'ಆರಂಭಿಸಿದ್ದೇನೆ, ಇನ್ನೊಂದು ಉತ್ತರ ಬರುವವರೆಗೆ ಕಾಯಿ'. ಎರಡು ಎಂದರೆ 'ಆಯಿತು'. ಮೂರು ಎಂದರೆ 'ಇಲ್ಲಿಯವರೆಗೆ ಸರಿ, ಉಳಿದದ್ದನ್ನು ಕೊಡು'. ನಾಲ್ಕು ಎಂದರೆ 'ಈಗ ಆಗದು, ಆಮೇಲೆ ಬಾ'. ಐದು ಎಂದರೆ 'ಹೀಗೆ ಬಂದರೆ ಆಗುವುದಿಲ್ಲ'. ಎರಡನೆಯ ಅಂಕಿ ವಿಷಯವನ್ನು ಸೂಚಿಸುತ್ತದೆ: ಸೊನ್ನೆಯಿದ್ದರೆ ಆಜ್ಞೆಯ ವ್ಯಾಕರಣ, ಎರಡಿದ್ದರೆ ಸಂಪರ್ಕ, ಮೂರಿದ್ದರೆ ಗುರುತು ಮತ್ತು ಪ್ರವೇಶ, ಐದಿದ್ದರೆ ಕಡತದ ಭಂಡಾರ. ಮೂರನೆಯದು ಇನ್ನೂ ಸೂಕ್ಷ್ಮವಾದ ಭೇದಕ್ಕೆ. ಮೇಲಿನ 530 ಎಂದರೆ ಪ್ರವೇಶದ ವಿಷಯದಲ್ಲಿ ಖಚಿತವಾದ ನಿರಾಕರಣೆ. 452 ಎಂದರೆ ಭಂಡಾರದಲ್ಲಿ ಸದ್ಯಕ್ಕೆ ಜಾಗವಿಲ್ಲ. ಇಷ್ಟು ಕಡಿಮೆ ಅಕ್ಷರಗಳಲ್ಲಿ ಇಷ್ಟು ಸ್ಪಷ್ಟವಾಗಿ ಉತ್ತರಿಸುವ ಕಚೇರಿಯನ್ನು ನಾವು ನಮ್ಮ ಸೇವಾವಧಿಯಲ್ಲಿ ಕಂಡಿಲ್ಲ.

ಈ ಐದರಲ್ಲಿ ಹೆಚ್ಚು ತಪ್ಪಾಗಿ ಕೇಳಿಸುವುದು ಮೂರು. ಹೌದು ಎಂದೂ ಇಲ್ಲ ಎಂದೂ ಹೇಳದ ಉತ್ತರವನ್ನು ಕೇಳಿಸಿಕೊಳ್ಳುವುದು ಹೇಗೆಂದು ತಿಳಿಯಲು ಇಂದ್ರಕೀಲದ ಕತೆಯನ್ನೇ ನೆನೆಯಬಹುದು. ವ್ಯಾಸಭಾರತದ ಇಂದ್ರಕೀಲ ಹಿಮಾಲಯದ ಕಡೆಯದು; ಅದು ಈ ಕೃಷ್ಣಾತೀರದ ಬೆಟ್ಟವೇ ಎಂಬುದು ಇಲ್ಲಿನ ಸ್ಥಳಪುರಾಣದ ನಂಬಿಕೆ. ಕನ್ನಡಿಗರಿಗೆ ಆ ಪ್ರಸಂಗ ಪಂಪ, ಕುಮಾರವ್ಯಾಸರಿಂದ ಪರಿಚಿತ. (ಪಂಪನ ಪೂರ್ವಿಕರು ವೆಂಗಿ ನಾಡಿನವರು, ಎಂದರೆ ಈ ಕೃಷ್ಣಾ ಗೋದಾವರಿಗಳ ನಡುನಾಡಿನವರೇ, ಎಂಬುದನ್ನು ನೆನೆದಾಗ ಇಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಸಣ್ಣದೊಂದು ಹೆಮ್ಮೆ.) ಅಸ್ತ್ರ ಬೇಡಿ ಹೋದ ಅರ್ಜುನನಿಗೆ ಮೊದಲು ಎದುರಾಗುವವನು ತಪಸ್ವಿಯ ವೇಷದ ಇಂದ್ರ. ಬಿಲ್ಲನ್ನು ಎಸೆ ಎನ್ನುತ್ತಾನೆ, ಅರ್ಜುನ ಒಪ್ಪುವುದಿಲ್ಲ. ಆಗ ಇಂದ್ರ ನಿಜರೂಪ ತೋರಿ, ಶಿವನನ್ನು ಕಂಡು ಬಾ, ಅನಂತರ ಅಸ್ತ್ರ ಕೊಡುತ್ತೇನೆ ಎನ್ನುತ್ತಾನೆ. ಅಸ್ತ್ರ ಇನ್ನೂ ಕೈಗೆ ಬಂದಿಲ್ಲ, ತಿರಸ್ಕಾರವೂ ಆಗಿಲ್ಲ. ಇದು ಮೂರರ ಉತ್ತರ. ಹೆಸರು ಹೇಳಿದವನಿಗೆ ಸರ್ವರು 331 ಎಂದು, ಹೆಸರು ಸರಿ, ಗುಪ್ತಪದ ಕೊಡು ಎನ್ನುವುದು ಇದೇ ಬಗೆಯದು. ಇಂದ್ರ ಪ್ರಸನ್ನನಾದನೆಂದು ಅಷ್ಟಕ್ಕೇ ಊರಿಗೆ ಮರಳಿದ್ದರೆ ಅರ್ಜುನ ನಮ್ಮ ಸ್ಕ್ರಿಪ್ಟಿನ ಹಾಗೆ ಆಗುತ್ತಿದ್ದ.

ಕತೆಯ ಮುಂದಿನ ಭಾಗ ಇನ್ನೂ ಸೊಗಸಾದದ್ದು. ಕಿರಾತನೊಡನೆ ಕಾದಿ ಸೋತ ಅರ್ಜುನ ಮಣ್ಣಿನಲ್ಲಿ ಶಿವನನ್ನು ಮಾಡಿ, ಮಾಲೆ ಅರ್ಪಿಸಿ, ಕಣ್ಣೆತ್ತಿದರೆ ಆ ಮಾಲೆ ಕಿರಾತನ ತಲೆಯ ಮೇಲಿದೆ. ತಾನು ಸಲ್ಲಿಸಿದ್ದು ಸಲ್ಲಬೇಕಾದವನಿಗೆ ಸಂದಿದೆ ಎಂದು ಅವನಿಗೆ ತಿಳಿದದ್ದು ಆ ಹೊತ್ತಿನಲ್ಲಿ, ಆ ಗುರುತಿನಿಂದ. ಇಷ್ಟು ಜಾಗರೂಕ ಸ್ಕ್ರಿಪ್ಟು ಕಡತ ಕಳಿಸಿದ ಮೇಲೆ ಆಚೆಯ ಸರ್ವರಿನಲ್ಲಿರುವ ಕಡತದ ಗಾತ್ರವೆಷ್ಟೆಂದು ಮತ್ತೆ ಕೇಳುತ್ತದೆ. 2007ರ ಆರ್‌ಎಫ್‌ಸಿ 3659 ಇದಕ್ಕೆ ಪ್ರತ್ಯೇಕ ಆಜ್ಞೆಯನ್ನೇ ಗೊತ್ತುಮಾಡಿದೆ. ಉತ್ತರ 213 ಎಂದು ಆರಂಭವಾಗಿ, ಮುಂದೆ ಬೈಟುಗಳ ಲೆಕ್ಕ ಬರುತ್ತದೆ. ತಾನು ಅರ್ಪಿಸಿದಷ್ಟೇ ಅಲ್ಲಿದೆಯೇ ಎಂದು ಹೋಲಿಸಿ ನೋಡಿದರೆ ಮಾಲೆ ತಲೆಯ ಮೇಲೆ ಕಂಡಂತೆ.

ನಾಲ್ಕು ಮತ್ತು ಐದರ ಭೇದ ಮೇಲುನೋಟಕ್ಕೆ ಸುಲಭ. ಆಚರಣೆಯಲ್ಲಿ ಬಹಳ ಮಂದಿ ಎಡವುವುದು ಅಲ್ಲಿಯೇ. 421 ಬಂದರೆ ಸರ್ವರು ಸದ್ಯ ಸೇವೆಗೆ ಇಲ್ಲ, 425 ಬಂದರೆ ದತ್ತಾಂಶದ ಹಾದಿ ತೆರೆಯಲಿಲ್ಲ, 450 ಬಂದರೆ ಕಡತ ಬೇರೆಯವರ ಕೈಯಲ್ಲಿದೆ. ಇವೆಲ್ಲಕ್ಕೂ ಮದ್ದು ಕಾಯುವುದು: ಒಂದು ನಿಮಿಷ, ಆಮೇಲೆ ಐದು, ಆಮೇಲೆ ಹದಿನೈದು ಎಂದು ಅಂತರ ಹೆಚ್ಚಿಸುತ್ತ ಮತ್ತೆ ಯತ್ನಿಸುವುದು, ಒಂದು ಮಿತಿಯ ಆಚೆಗೆ ಮನುಷ್ಯರನ್ನು ಎಬ್ಬಿಸುವುದು. ಐದಕ್ಕೆ ಈ ಮದ್ದು ವಿಷ. ಗುಪ್ತಪದ ತಪ್ಪಾಗಿದೆ ಎಂದ ಸರ್ವರಿಗೆ ಐದೈದು ನಿಮಿಷಕ್ಕೊಮ್ಮೆ ಅದೇ ತಪ್ಪು ಗುಪ್ತಪದ ಕೊಡುತ್ತಾ ಹೋದರೆ ಆ ಖಾತೆಗೇ ಬೀಗ ಬೀಳುತ್ತದೆ. ಬೆಳಗ್ಗೆ ಬಂದ ಅಧಿಕಾರಿಗೆ ಒಂದು ತೊಂದರೆಯ ಬದಲು ಎರಡು ಕಾದಿರುತ್ತವೆ. ಐದು ಬಂದಾಗ ಸ್ಕ್ರಿಪ್ಟು ಮಾಡಬೇಕಾದದ್ದು ನಿಲ್ಲುವುದು ಮತ್ತು ಕೂಗುವುದು. ಸೋತು ಸುಮ್ಮನಾಗುವ ಸ್ಕ್ರಿಪ್ಟು, ಸೋಲದೆ ಹಟ ಹಿಡಿಯುವ ಸ್ಕ್ರಿಪ್ಟು ಎರಡೂ ಕೆಲಸಕ್ಕೆ ಬಾರವು.

ಈ ಎಡವಟ್ಟಿಗೆ ಒಂದು ಕಾರಣ ಜಾಲತಾಣಗಳ ಲೋಕದಲ್ಲಿ ಬೆಳೆದ ಅಭ್ಯಾಸ. 404 ಎಂಬ ಸಂಖ್ಯೆಯನ್ನು ಕಾಣದವರಿಲ್ಲ. ಅದೂ ಮೂರಂಕಿಯ ಉತ್ತರವೇ, ಆದರೆ ಅದು ಎಚ್‌ಟಿಟಿಪಿಯ ಭಾಷೆ. ಅಲ್ಲಿ ನಾಲ್ಕು ಎಂದರೆ ಕೇಳಿದವನ ತಪ್ಪು, ಐದು ಎಂದರೆ ಸರ್ವರಿನ ತೊಂದರೆ, ಮೂರು ಎಂದರೆ ಬೇರೆ ಕಡೆ ಹೋಗು. ಅಲ್ಲಿನ 503ಕ್ಕೆ ಕಾಯುವುದೇ ಸರಿ. ಎಚ್‌ಟಿಟಿಪಿ ಬಲ್ಲ ಯುವ ಕ್ರಮವಿಧಿಕಾರ ಎಫ್‌ಟಿಪಿಗೆ ಬಂದು, ಐದಕ್ಕೆ ಮತ್ತೆ ಯತ್ನಿಸಿ, ನಾಲ್ಕಕ್ಕೆ ಕೈಚೆಲ್ಲುತ್ತಾನೆ. ಎರಡು ಭಾಷೆಯಲ್ಲೂ ಇದ್ದು ಅರ್ಥ ಮಾತ್ರ ಬೇರೆಯಾದ ಪದದಂತೆ ಇದು ಮೋಸ ಮಾಡುತ್ತದೆ.  ಈ ಭೇದವನ್ನು ಬಲ್ಲ ಸಾಧನಗಳೂ ಇವೆ ಎಂಬುದು ಸಮಾಧಾನದ ಸಂಗತಿ. ಕರ್ಲ್ ಎಂಬ ಪ್ರಸಿದ್ಧ ಸಾಧನಕ್ಕೆ ಮರುಯತ್ನ ಮಾಡೆಂದರೆ, ಎಫ್‌ಟಿಪಿಯಲ್ಲಿ ನಾಲ್ಕರ ಉತ್ತರಗಳಿಗೆ ಮರುಯತ್ನ ಮಾಡುತ್ತದೆ, ಎಚ್‌ಟಿಟಿಪಿಯಲ್ಲಿ 503ರಂಥ ಆಯ್ದ ಕೆಲವಕ್ಕೆ ಮಾತ್ರ. ಪೈಥಾನ್ ಭಾಷೆಯ ಎಫ್‌ಟಿಪಿ ಗ್ರಂಥಾಲಯ ತಾತ್ಕಾಲಿಕ ದೋಷಕ್ಕೂ ಶಾಶ್ವತ ದೋಷಕ್ಕೂ ಎರಡು ಬೇರೆ ಹೆಸರನ್ನೇ ಇಟ್ಟಿದೆ.

ನಿಯಮಕ್ಕೆ ವಿವೇಕ ಬೇಕಾಗುವ ಜಾಗಗಳೂ ಇವೆ ಎಂದು ಒಪ್ಪಬೇಕು. 550 ಎಂದರೆ ಕಡತ ಲಭ್ಯವಿಲ್ಲ. ಕಡತ ಇಲ್ಲವೇ ಇಲ್ಲ ಎಂದಾಗಲೂ 550, ಇದೆ ಆದರೆ ನಿನಗೆ ಅನುಮತಿಯಿಲ್ಲ ಎಂದಾಗಲೂ ಎಷ್ಟೋ ಸರ್ವರುಗಳು 550 ಎನ್ನುತ್ತವೆ. ಹಳೆಯ ಕಡತವನ್ನು ಅಳಿಸು ಎಂದಾಗ ಅದು ಮೊದಲೇ ಇಲ್ಲದಿದ್ದರೆ ಬರುವ 550ಕ್ಕೆ ಗಾಬರಿಯಾಗಬೇಕಿಲ್ಲ. ಇಂದಿನ ಮಳೆಯ ಕಡತವನ್ನು ತರಲು ಹೋದಾಗ ಬರುವ 550 ಗಾಬರಿಯ ವಿಷಯವೇ. ಕೆಲವು ಸರ್ವರುಗಳು ಸಂದಣಿ ಹೆಚ್ಚಾದಾಗ 421 ಎನ್ನುವ ಬದಲು 530 ಎಂದುಬಿಡುವುದೂ ಉಂಟು. ಹಾಗಾಗಿ ಅಂಕಿಯೊಡನೆ, ಅದು ಯಾವ ಪ್ರಶ್ನೆಗೆ ಬಂದ ಉತ್ತರ ಎಂಬುದನ್ನೂ ಬರೆದಿಡಬೇಕು. ಪ್ರಶ್ನೆಯಿಲ್ಲದ ಉತ್ತರ ಅರ್ಧ ಸಾಕ್ಷಿ. ಸರ್ವರಿನ ವಾಕ್ಯವನ್ನೂ ಇದ್ದ ಹಾಗೆ ದಿನಚರಿಗೆ ಸೇರಿಸಬೇಕು. ಅದನ್ನು ಬರೆದದ್ದೇ ಮರುದಿನ ಬಂದು ಓದುವ ಮನುಷ್ಯರಿಗಾಗಿ.

ಒಂದು ಮತ್ತು ಎರಡರ ಭೇದಕ್ಕೆ ಬರೋಣ. ಕಡತ ಕಳಿಸಲು ಅನುಮತಿ ಕೇಳಿದಾಗ ಸರ್ವರು 150 ಎನ್ನುತ್ತದೆ: ಸರಿ, ಹಾದಿ ತೆರೆಯುತ್ತಿದ್ದೇನೆ. ಕಡತ ಪೂರ್ತಿ ಬಂದಮೇಲೆ 226: ಹಾದಿ ಮುಚ್ಚುತ್ತಿದ್ದೇನೆ, ಕೆಲಸ ಆಯಿತು. ಇವೆರಡರ ನಡುವೆ ಏನೂ ಆಗಬಹುದು. 150 ಕೇಳಿ ನೆಮ್ಮದಿಯಿಂದ ಹೊರಡುವ ಸ್ಕ್ರಿಪ್ಟು, ಅರ್ಜಿಯ ಮೇಲೆ 'ಸ್ವೀಕರಿಸಲಾಗಿದೆ' ಎಂಬ ಮೊಹರು ಬಿದ್ದೊಡನೆ ಕೆಲಸವಾಯಿತೆಂದು ನಂಬಿ ಮನೆಗೆ ಹೋಗುವ ಅಮಾಯಕನ ಹಾಗೆ. ಮೊಹರಿಗೂ ಮಂಜೂರಾತಿಗೂ ಎಷ್ಟು ದೂರವೆಂದು ಕಚೇರಿಯವರಾದ ನಮಗಿಂತ ಬಲ್ಲವರು ಯಾರು? ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ನಾವು ಜೆ.ಎಲ್. ಆಸ್ಟಿನ್‌ನನ್ನು ಓದಿದ್ದೆವು. ಕೆಲವು ಮಾತು ವರ್ಣಿಸುವುದಿಲ್ಲ, ಕಾರ್ಯವನ್ನೇ ನಡೆಸುತ್ತದೆ. ಆದರೆ ಎದುರಿನವರು ಅದನ್ನು ಗ್ರಹಿಸದೆ ಆ ಕಾರ್ಯ ಪೂರ್ಣವಾಗದು ಎಂಬುದು ಅವನ ವಿಚಾರ. ನನ್ನದನ್ನು ನಿನಗೆ ಕೊಟ್ಟೆ ಎಂದರೆ ಸಾಲದು, ನೀನು ತೆಗೆದುಕೊಂಡಿರಬೇಕು. 226 ಎಂಬುದು ಆ ತೆಗೆದುಕೊಂಡೆ ಎನ್ನುವ ಮಾತು.

226ಕ್ಕೂ ಮಿತಿಯಿದೆ. ಬೈಟುಗಳು ಬಂದವು ಎಂದಷ್ಟೇ ಅದು ಸಾಕ್ಷಿ ನುಡಿಯುತ್ತದೆ; ಕಡತದ ಒಳಗೆ ಇರುವುದು ಸರಿ ಎಂದು ನುಡಿಯುವುದಿಲ್ಲ. ವಿಶಾಖಪಟ್ಟಣದ ಎದುರಿನ ಬಂಗಾಳ ಕೊಲ್ಲಿಯಲ್ಲೂ ತೇಲುವ ಆರ್ಗೋ ಮಾಪಕಗಳ ಉದಾಹರಣೆ ಇಲ್ಲಿ ನೆರವಾಗುತ್ತದೆ. ಸುಮಾರು ಹತ್ತು ದಿನಕ್ಕೊಮ್ಮೆ 2000 ಮೀಟರ್ ಆಳಕ್ಕೆ ಇಳಿದು, ಏಳುತ್ತ ಉಷ್ಣತೆ, ಲವಣಾಂಶ ಅಳೆದು ಉಪಗ್ರಹಕ್ಕೆ ಹೇಳುವ ಯಂತ್ರಗಳಿವು. ಭಾರತದ ಮಾಪಕಗಳ ದತ್ತಾಂಶವನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಸಿದ್ಧಪಡಿಸಿ ಫ್ರಾನ್ಸ್ ಮತ್ತು ಅಮೆರಿಕಗಳಲ್ಲಿರುವ ಎರಡು ಜಾಗತಿಕ ಕೇಂದ್ರಗಳಿಗೆ ಒಪ್ಪಿಸುತ್ತದೆ. ಅಲ್ಲಿ ಕಡತದ ರಚನೆಯನ್ನು ಪರಿಶೀಲಿಸುವ ಒಂದು ಹಂತವಿದೆ. ನಿಯಮಕ್ಕೆ ಹೊಂದದ ಕಡತ ತಿರಸ್ಕೃತವಾಗುತ್ತದೆ. ಬಂದು ಸೇರುವುದು ಒಂದು, ಒಪ್ಪಿಗೆಯಾಗುವುದು ಮತ್ತೊಂದು. ಎರಡಕ್ಕೂ ಪ್ರತ್ಯೇಕ ಉತ್ತರವಿರಬೇಕು, ಎರಡನ್ನೂ ಕಾಯಬೇಕು.

ಅರ್ಧ ಬಂದ ಕಡತವನ್ನು ಪೂರ್ತಿಯೆಂದು ಎತ್ತಿಕೊಂಡು ಹೋಗುವ ಅಪಾಯವೂ ಇದೆ. ವಿಶ್ವ ಹವಾಮಾನ ಸಂಸ್ಥೆಯ ದೂರಸಂಪರ್ಕ ಜಾಲದ ಕೈಪಿಡಿ ಇದಕ್ಕೆ ಸರಳವಾದ ಉಪಾಯ ಹೇಳುತ್ತದೆ. ಕಡತವನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಕಳಿಸಬೇಕು. ಪೂರ್ತಿಯಾದ ಮೇಲೆ ನಿಜವಾದ ಹೆಸರಿಗೆ ಬದಲಿಸಬೇಕು. ಸ್ವೀಕರಿಸುವವರು ತಾತ್ಕಾಲಿಕ ಹೆಸರಿನದನ್ನು ಮುಟ್ಟುವುದಿಲ್ಲ. ಹೆಸರು ಬದಲಿಸುವಾಗಲೂ ಸರ್ವರು ಮೊದಲು 350 ಎಂದು ಮೂರರ ಉತ್ತರ ಕೊಟ್ಟು, ಹೊಸ ಹೆಸರು ಕೇಳಿದ ಮೇಲೆ 250 ಎನ್ನುತ್ತದೆ. ಚಂಡಮಾರುತದ ವೀಕ್ಷಣೆಗಳು ದೇಶದಿಂದ ದೇಶಕ್ಕೆ ಹೋಗುವ ಜಾಲ ರೂಢಿಸಿಕೊಂಡ ಶಿಸ್ತು ನಮ್ಮ ಪಿಂಚಣಿ ಕಡತಕ್ಕೂ ಹೆಚ್ಚಿನದೇನಲ್ಲ.

ಇನ್ನು ಉತ್ತರವೇ ಬಾರದಿದ್ದರೆ? 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ವಿದ್ಯುತ್ತು, ದೂರವಾಣಿ ಎರಡೂ ದಿನಗಟ್ಟಲೆ ಸತ್ತಿದ್ದವು. ಚಂಡಮಾರುತಗಳ ಎಚ್ಚರಿಕೆ ಕೊಡುವ ಹವಾಮಾನ ಇಲಾಖೆಯ ಕೇಂದ್ರವಿರುವ ಊರೇ ಮೌನವಾಗಿತ್ತು. ಅಂಥ ಮೌನಕ್ಕೆ ಯಾವ ಅಂಕಿಯೂ ಇಲ್ಲ. ಅದು ನಾಲ್ಕಲ್ಲ, ಐದಲ್ಲ. ಎರಡಂತೂ ಅಲ್ಲವೇ ಅಲ್ಲ. ಉತ್ತರ ಇಷ್ಟು ಹೊತ್ತಿನೊಳಗೆ ಬಾರದಿದ್ದರೆ 'ಬಂದಿಲ್ಲ' ಎಂದೇ ಬರೆಯುವಂತೆ ಸ್ಕ್ರಿಪ್ಟಿಗೆ ಗಡುವು ಹಾಕಿಕೊಡಬೇಕು.

ಎಫ್‌ಟಿಪಿಯಲ್ಲಿ ಮೌನಕ್ಕೆ ಇನ್ನೊಂದು ಕುಟಿಲವಾದ ರೂಪವಿದೆ. ಮಾತುಕತೆ ನಡೆಯುವ ಸಂಪರ್ಕವೇ ಬೇರೆ, ಕಡತ ಸಾಗುವ ಸಂಪರ್ಕವೇ ಬೇರೆ. ದೊಡ್ಡ ಕಡತ ಅರ್ಧ ಗಂಟೆ ಸಾಗುತ್ತಿರುವಾಗ ಮಾತಿನ ಸಂಪರ್ಕ ಸುಮ್ಮನಿರುತ್ತದೆ. ನಡುವೆ ಕೂತ ಫೈರ್‌ವಾಲು, ಇದು ನಿರುಪಯುಕ್ತವೆಂದು ಅದನ್ನು ಕಡಿದುಹಾಕುತ್ತದೆ. ಕಡತ ಪೂರ್ತಿ ತಲುಪಿರುತ್ತದೆ, 226 ಮಾತ್ರ ಹಾದಿಯಲ್ಲಿ ಕಳೆದುಹೋಗಿರುತ್ತದೆ. ಆಗ ಮತ್ತೆ ಕಳಿಸಿದರೆ ಒಂದೇ ಪಾವತಿ ಎರಡಾಗಬಹುದು. ಕಳಿಸದಿದ್ದರೆ, ತಲುಪಿರದ ಪಕ್ಷದಲ್ಲಿ, ಒಂದೂ ಆಗದಿರಬಹುದು. ಇದಕ್ಕೆ ಪರಿಹಾರ ಸ್ಕ್ರಿಪ್ಟಿನಲ್ಲಿ ಅರ್ಧ, ಕಡತದ ಏರ್ಪಾಟಿನಲ್ಲಿ ಅರ್ಧ. ಪ್ರತಿ ಕಡತಕ್ಕೂ ಮತ್ತೆಂದೂ ಬಳಸದ ಹೆಸರು, ಒಳಗೆ ಕ್ರಮಸಂಖ್ಯೆ, ಅದೇ ಕ್ರಮಸಂಖ್ಯೆ ಎರಡನೆಯ ಸಲ ಬಂದರೆ ಸ್ವೀಕರಿಸುವವರು ಬದಿಗಿಡುವ ಒಪ್ಪಂದ. ಹೀಗಿದ್ದರೆ ಮತ್ತೆ ಕಳಿಸಲು ಅಂಜಬೇಕಿಲ್ಲ.

ಸ್ಕ್ರಿಪ್ಟುಗಳು ಕಿವುಡಾಗಿರುವುದಕ್ಕೆ ಅವನ್ನು ಬರೆಯುವ ಬಗೆಯೂ ಕಾರಣ. ಹಳೆಯ ಎಫ್‌ಟಿಪಿ ಆಜ್ಞೆಗೆ ಪ್ರವೇಶದ ಹೆಸರು, ಗುಪ್ತಪದ, ಕಳಿಸು, ಹೊರಡು ಎಂಬ ನಾಲ್ಕು ಸಾಲುಗಳನ್ನು ಉಣಿಸಿದರೆ, ನಡುವೆ ಏನೇ ಕೆಟ್ಟರೂ ಅದು ಸುಸೂತ್ರವಾಗಿ ಹೊರಬಂದು, ತನ್ನನ್ನು ನಡೆಸಿದವರಿಗೆ ಸೊನ್ನೆ ಎಂಬ ಸಂಕೇತ ಕೊಡುತ್ತದೆ. ಈ ಲೋಕದಲ್ಲಿ ಸೊನ್ನೆ ಎಂದರೆ ಎಲ್ಲ ಕ್ಷೇಮ. ಅದು ನಿಜವಾಗಿ ಹೇಳುವುದು ನಾನು ಕ್ಷೇಮ ಎಂದಷ್ಟೇ. ಕಡತದ ಕ್ಷೇಮಸಮಾಚಾರ ಅದರಲ್ಲಿಲ್ಲ. ಇದನ್ನರಿತ ಕೆಲವರು ದಿನಚರಿಯಲ್ಲಿ 'ಟ್ರಾನ್ಸ್‌ಫರ್ ಕಂಪ್ಲೀಟ್' ಎಂಬ ವಾಕ್ಯ ಇದೆಯೇ ಎಂದು ಹುಡುಕುತ್ತಾರೆ. ಸರ್ವರು ಬದಲಾದರೆ ವಾಕ್ಯವೂ ಬದಲಾಗುತ್ತದೆ, ಒಂದು ಕಡೆ 'ಟ್ರಾನ್ಸ್‌ಫರ್ ಓಕೆ' ಎಂದಿರುತ್ತದೆ, ಮತ್ತೊಂದು ಕಡೆ ಇನ್ನೇನೋ. ಇನ್ನು ಕೆಲವರು 226 ಎಂಬ ಅಂಕಿಯನ್ನು ಎಲ್ಲಿಯಾದರೂ ಹುಡುಕುತ್ತಾರೆ. 226 ಬೈಟುಗಳ ಕಡತ ಕೆಟ್ಟು ನಿಂತಾಗಲೂ ಅದು ಸಿಗುತ್ತದೆ. ಸಾಲಿನ ಆರಂಭದಲ್ಲಿ ಮೂರಂಕಿ, ಅದರ ಬೆನ್ನಿಗೆ ಖಾಲಿ ಜಾಗ ಇದ್ದರೆ ಅದು ಉತ್ತರದ ಕೊನೆಯ ಸಾಲು. ಅಡ್ಡಗೆರೆ ಇದ್ದರೆ ಮಾತು ಇನ್ನೂ ಮುಗಿದಿಲ್ಲ. 1985ರ ದಾಖಲೆಯಲ್ಲಿಯೇ ಈ ನಿಯಮವಿದೆ. ಎದುರಿನವರ ಮಾತು ಮುಗಿಯುವವರೆಗೆ ಕೇಳಬೇಕೆಂಬುದನ್ನು ಇಷ್ಟು ಚಿಕ್ಕ ಗುರುತಿನಿಂದ ಕಲಿಸಿದವರಿಗೆ ನಾವು ತಲೆಬಾಗುತ್ತೇವೆ.

ಎಫ್‌ಟಿಪಿಯೇ ಸತ್ತಿತಲ್ಲ, ಈಗ ಈ ಮಾತೇಕೆ ಎನ್ನುವವರು ನಮ್ಮ ಕಚೇರಿಯಲ್ಲೂ ಇದ್ದಾರೆ. 2021ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ ಅದನ್ನು ಕೈಬಿಟ್ಟದ್ದು ನಿಜ. ಗುಪ್ತಪದವನ್ನು ಮುಚ್ಚುಮರೆಯಿಲ್ಲದೆ ಕಳಿಸುವ ಹಳೆಯ ಎಫ್‌ಟಿಪಿಯನ್ನು ಹೊರಗಿನ ಜಾಲದಲ್ಲಿ ಬಳಸಕೂಡದೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಅದರ ಜಾಗಕ್ಕೆ ಬಂದ ಎಸ್‌ಎಫ್‌ಟಿಪಿಯಲ್ಲೂ ಉತ್ತರಗಳಿವೆ. ಮೂರಂಕಿಯ ಬದಲು ಸೊನ್ನೆ ಎಂದರೆ ಸರಿ, ಎರಡು ಎಂದರೆ ಕಡತವಿಲ್ಲ, ಮೂರು ಎಂದರೆ ಅನುಮತಿಯಿಲ್ಲ, ನಾಲ್ಕು ಎಂದರೆ ಏನೋ ವಿಫಲವಾಯಿತು. ಈ ನಾಲ್ಕು ತುಂಬ ಬಡವಾದ ಉತ್ತರ. ಈಗ ಬರಬೇಕೋ ಆಮೇಲೆ ಬರಬೇಕೋ ಎಂಬ ಹಳೆಯ ಭೇದ ಇಲ್ಲಿ ಕಳೆದುಹೋಗಿದೆ. ಸುರಕ್ಷತೆ ಹೆಚ್ಚಿತು, ಉತ್ತರದ ಸ್ಪಷ್ಟತೆ ಕುಗ್ಗಿತು. ಸಾಧನ ಹೊಸದಾದ ಮಾತ್ರಕ್ಕೆ ಕೇಳುವ ಕೆಲಸ ಹಗುರವಾಗಿಲ್ಲ.

2024ರ ಸೆಪ್ಟೆಂಬರ್ ಆರಂಭದಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಬಡಾವಣೆಗಳು ಮುಳುಗಿದ್ದನ್ನು, ಪ್ರಕಾಶಂ ಬ್ಯಾರೇಜಿನಿಂದ 11 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹರಿದದ್ದನ್ನು, ಕೊಚ್ಚಿ ಬಂದ ದೋಣಿಗಳು ಗೇಟುಗಳಿಗೆ ಬಡಿದದ್ದನ್ನು ಈ ಪ್ರಾಂತದವರು ಮರೆತಿಲ್ಲ. ಅಂದು ಯಾವುದೋ ಕಡತ ತಲುಪಲಿಲ್ಲವೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಲು ಆಧಾರವೂ ಇಲ್ಲ. ಅಂಥ ರಾತ್ರಿಗಳಲ್ಲಿ ತಲುಪಲೇಬೇಕಾದ ಕಡತಗಳು ಇರುತ್ತವೆ, ಅವನ್ನು ಒಯ್ಯುವುದು ಇಂಥ ಸ್ಕ್ರಿಪ್ಟುಗಳೇ ಎಂಬುದಷ್ಟೇ ನಮ್ಮ ಮಾತು. ಸಂಪರ್ಕ ತುಂಡಾಗುವುದೂ, ಭಂಡಾರ ತುಂಬುವುದೂ, ಸರ್ವರು 421 ಎನ್ನುವುದೂ ಹೆಚ್ಚಾಗಿ ಅಂಥ ರಾತ್ರಿಗಳಲ್ಲೇ. ಒಳ್ಳೆಯ ಹವೆಯಲ್ಲಿ ಮಾತ್ರ ನಿಜ ಹೇಳುವ ದಿನಚರಿಯಿಂದ ಯಾರಿಗೆ ಏನು ಪ್ರಯೋಜನ?

ತಪ್ಪನ್ನು ಸ್ಕ್ರಿಪ್ಟು ಬರೆದ ಹುಡುಗನ ಮೇಲೆ ಹೊರಿಸುವುದು ಸುಲಭ. ಅವನಿಗೆ ಕೊಟ್ಟ ಕರಾರಿನಲ್ಲಿ 'ಪ್ರತಿರಾತ್ರಿ ಕಡತ ಕಳಿಸತಕ್ಕದ್ದು' ಎಂದಿರುತ್ತದೆ. ಉತ್ತರ ಬಾರದಿದ್ದರೆ ಏನು ಮಾಡತಕ್ಕದ್ದು, ನಿರಾಕರಣೆ ಬಂದರೆ ಯಾರಿಗೆ ತಿಳಿಸತಕ್ಕದ್ದು ಎಂಬ ಸಾಲು ಇರುವುದಿಲ್ಲ. ಕೆಲಸ ಒಪ್ಪಿಸಿಕೊಳ್ಳುವ ದಿನ ಎಲ್ಲವೂ ಸರಿಯಿರುವಾಗ ಒಂದು ಕಡತ ಕಳಿಸಿ ತೋರಿಸುತ್ತಾರೆ, ಎಲ್ಲರೂ ಚಹಾ ಕುಡಿದು ಸಹಿ ಹಾಕುತ್ತೇವೆ. ಸಹಿ ಹಾಕುವ ಮುನ್ನ ನಾಲ್ಕು ಕೆಲಸ ಮಾಡಿಸಿ ನೋಡಬಹುದು. ಗುಪ್ತಪದದ ಒಂದಕ್ಷರ ತಪ್ಪಿಸಿ ಓಡಿಸಿ. ಆಚೆಯವರಿಗೆ ಹೇಳಿ ಭಂಡಾರದಲ್ಲಿ ಜಾಗವಿಲ್ಲದಂತೆ ಮಾಡಿಸಿ ಓಡಿಸಿ. ಕಡತ ಅರ್ಧ ಹೋಗುತ್ತಿರುವಾಗ ಜಾಲದ ತಂತಿಯನ್ನು ಕಿತ್ತು ನೋಡಿ. ಕಳಿಸಬೇಕಾದ ಕಡತವೇ ಇಲ್ಲದ ರಾತ್ರಿ ಅದು ಏನನ್ನುತ್ತದೆ ನೋಡಿ. ನಾಲ್ಕೂ ಸಲ ದಿನಚರಿಯನ್ನು ತೆರೆದು ಓದಬೇಕು. ಅರ್ಧ ದಿನದ ಕೆಲಸ. ಬಂಗಾಳ ಕೊಲ್ಲಿಯ ಚಂಡಮಾರುತಗಳ ಋತು ಅಕ್ಟೋಬರಿನಲ್ಲಿ ಬಿರುಸಾಗುತ್ತದೆ, ಅಷ್ಟರೊಳಗೆ ಮುಗಿಸಿಕೊಳ್ಳಬಹುದು.